ಬೆವರು ಸುರಿದರೆ ಸಾಲದು, ಜಿಗಿತ ಏರಬೇಕು

ಬ್ಯಾಸ್ಕೆಟ್‌ಬಾಲ್ ಆಡುವವರಿಂದ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೇಳಿರುವ ರೀತಿ ಬೇರೆ ಬೇರೆ, ತಿರುಳು ಮಾತ್ರ ಎರಡೇ: ಇನ್ನೂ ಎತ್ತರ ಜಿಗಿಯೋದು ಹೇಗೆ, ಇನ್ನೂ ಬೇಗ ಓಡೋದು ಹೇಗೆ. ಕೆಲವು ಪತ್ರ ತುಂಬಾ ಉದ್ದ ಇದ್ದವು, ಕತ್ತರಿಸಿದ್ದೇನೆ. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ನನಗೆ 19 ವರ್ಷ, ಕಾಲೇಜು ತಂಡದಲ್ಲಿ ಫಾರ್ವರ್ಡ್. ದಿನಾ ಬೆಳಿಗ್ಗೆ 200 ಬಸ್ಕಿ, 1000 ಸ್ಕಿಪ್ಪಿಂಗ್, ಆಮೇಲೆ ಮೆಟ್ಟಿಲು ಹತ್ತಿ ಇಳಿಯೋದು. ಆರು ತಿಂಗಳಾಯ್ತು. ಕಾಲು ಕಲ್ಲಿನಂತಾಗಿದೆ, ಆದರೆ ಜಿಗಿತ ಒಂದಿಂಚೂ ಏರಿಲ್ಲ. ಯಾಕೆ?

ಉತ್ತರ: 200 ಬಸ್ಕಿ ಹೊಡೆದು ಹೊಡೆದು ನಿಮಗೆ ಬಂದಿರುವುದು 250 ಬಸ್ಕಿ ಹೊಡೆಯುವ ತಾಕತ್ತು. ಅದೂ ಸುಮ್ನೆ ಬರಲ್ಲ, ಒಪ್ಪಿದೆ. ಆದರೆ ಜಿಗಿತ ಕೇಳುವುದೇ ಬೇರೆ.

ಸ್ವಲ್ಪ ಲೆಕ್ಕ ನೋಡೋಣ. ಕಾಲು ನೆಲ ಬಿಟ್ಟ ಮೇಲೆ ಗಾಳಿಯಲ್ಲಿ ಏನೇ ಒದ್ದಾಡಿದರೂ ಎತ್ತರ ಹೆಚ್ಚಲ್ಲ. ನೆಲ ಬಿಡುವ ಕ್ಷಣದಲ್ಲಿ ಮೈ ಎಷ್ಟು ವೇಗವಾಗಿ ಮೇಲಕ್ಕೆ ಹೋಗುತ್ತಿತ್ತೋ, ಅಲ್ಲಿಗೇ ಎಲ್ಲ ತೀರ್ಮಾನ ಆಗಿಬಿಟ್ಟಿರುತ್ತದೆ. 50 ಸೆಂ.ಮೀ. ಜಿಗಿಯಲು ಸೆಕೆಂಡಿಗೆ ಸುಮಾರು 3.13 ಮೀಟರ್ ವೇಗ ಬೇಕು. 60 ಸೆಂ.ಮೀ.ಗೆ 3.43. ಅಂದರೆ ಹತ್ತು ಸೆಂಟಿಮೀಟರ್ ಏರಿಸಲು ವೇಗ ಶೇ 10ರಷ್ಟು ಹೆಚ್ಚಿದರೆ ಸಾಕು. ಕೇಳೋಕೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಆ ವೇಗವನ್ನು ನೀವು ಹೆಚ್ಚುಕಡಿಮೆ ಕಾಲು ಸೆಕೆಂಡಿನಲ್ಲಿ ನೆಲ ಒತ್ತಿ ಗಳಿಸಬೇಕು. ಸ್ನಾಯುವಿಗೆ ತನ್ನ ಪೂರ್ತಿ ಬಲ ತೋರಿಸಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು, 0.3 ಸೆಕೆಂಡು ದಾಟುತ್ತದೆ. ಅಷ್ಟರಲ್ಲಿ ನೀವು ಗಾಳಿಯಲ್ಲಿರುತ್ತೀರಿ.

ಹಾಗಾಗಿ ದಾರಿ ಎರಡು, ಎರಡೂ ಬೇಕು. ಒಂದು, ಕಾಲಿನಲ್ಲಿರುವ ಒಟ್ಟು ಬಲವನ್ನೇ ಹೆಚ್ಚಿಸೋದು. ಇನ್ನೊಂದು, ಇರುವ ಬಲ ಬೇಗ ಹೊರಬರುವಂತೆ ಮಾಡೋದು. ಮೊದಲನೆಯದಕ್ಕೆ ಭಾರ ಎತ್ತಬೇಕು, ಎರಡನೆಯದಕ್ಕೆ ದಣಿಯದ ಕಾಲಿನಲ್ಲಿ ಜೋರಾಗಿ ಜಿಗಿಯಬೇಕು. ನಮ್ಮ ನರಗಳು ಸ್ನಾಯುವಿನ ಎಳೆಗಳನ್ನು ಒಂದೇ ಸಲಕ್ಕೆ ಎಲ್ಲವನ್ನೂ ಎಬ್ಬಿಸುವುದಿಲ್ಲ. ಸಣ್ಣ, ನಿಧಾನದ ಎಳೆಗಳು ಮೊದಲು ಏಳುತ್ತವೆ. ದೊಡ್ಡ, ಚುರುಕಿನ ಎಳೆಗಳು ಏಳಬೇಕಾದರೆ ಭಾರ ಜಾಸ್ತಿ ಇರಬೇಕು, ಇಲ್ಲ ನೀವು ಪೂರ್ತಿ ಜೋರು ಹಾಕಿ ವೇಗವಾಗಿ ಚಲಿಸಬೇಕು. ನಿಮ್ಮ ಬಸ್ಕಿಯಲ್ಲಿ ಮೊದಲ ನೂರಕ್ಕೆ ಭಾರ ಸಾಲದು. ಕೊನೆಯ ನೂರರಲ್ಲಿ ಕಾಲು ಸುಸ್ತಾಗಿ ಚಲನೆಯೇ ನಿಧಾನ. ನಿಧಾನವಾಗಿ ಏಳುವುದನ್ನೇ ದಿನಾ ಅಭ್ಯಾಸ ಮಾಡಿದ ಹಾಗಾಯ್ತು.

ಈಗ ಏನು ಮಾಡಬೇಕು ಅಂದರೆ, ಬಸ್ಕಿ, ಮೆಟ್ಟಿಲು ಎರಡನ್ನೂ ನಿಲ್ಲಿಸಿ. ಸ್ಕಿಪ್ಪಿಂಗ್ ಐದು ನಿಮಿಷ ಇರಲಿ, ಮೈ ಬೆಚ್ಚಗಾಗಲು ಒಳ್ಳೆಯದು, ಕಣಕಾಲಿಗೂ ಒಳ್ಳೆಯದು. ವಾರಕ್ಕೆ ಎರಡು ದಿನ ಜಿಮ್, ನಡುವೆ ಕನಿಷ್ಠ 48 ಗಂಟೆ ಅಂತರ. ಹೋದ ತಕ್ಷಣ ಬಾರ್‌ಬೆಲ್ ಹಿಡಿಯಬೇಡಿ. ಮೈ ಬಿಸಿ ಮಾಡಿಕೊಂಡು ಮೊದಲು ಜಿಗಿತ: ನಾಲ್ಕೈದು ಜಿಗಿತದ ಒಂದು ಸೆಟ್, ಅಂಥ ಮೂರೋ ನಾಲ್ಕೋ ಸೆಟ್, ಪ್ರತಿಯೊಂದೂ ರಿಂಗ್ ಮುಟ್ಟಲೇಬೇಕು ಅನ್ನುವ ಜೋರಿನಲ್ಲಿ, ಸೆಟ್‌ಗಳ ನಡುವೆ ಒಂದೂವರೆ ಎರಡು ನಿಮಿಷ ಸುಮ್ನೆ ಓಡಾಡುತ್ತಾ. ಆಮೇಲೆ ಸ್ಕ್ವಾಟ್, ಅಂದರೆ ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳೋದು, ಅಥವಾ ನಡುವೆ ನಿಂತು ಎತ್ತುವ ಆರು ಮೂಲೆಯ ಹೆಕ್ಸ್ ಬಾರ್ ಇದ್ದರೆ ಅದರಲ್ಲಿ ಡೆಡ್‌ಲಿಫ್ಟ್, ಅಂದರೆ ನೆಲದಿಂದ ಭಾರ ಎತ್ತಿ ನೇರ ನಿಲ್ಲೋದು. ಅದಾದ ಮೇಲೆ ಒಂಟಿ ಕಾಲಿನದು ಒಂದು, ಹಿಂಗಾಲನ್ನು ಬೆಂಚಿನ ಮೇಲಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್ ನನಗಿಷ್ಟ. ತೊಡೆಯ ಹಿಂಭಾಗಕ್ಕೆ ಒಂದು, ಮೀನಖಂಡಕ್ಕೆ ಒಂದು. ಮುಗೀತು. ಒಂದು ಗಂಟೆಯೊಳಗೆ ಹೊರಗೆ ಬರಬೇಕು.

ಮೊದಲ ತಿಂಗಳು ಹಗುರ ಭಾರದಲ್ಲಿ ಎಂಟೆಂಟು ರೆಪ್‌ಗಳ (ಒಮ್ಮೆ ಇಳಿದು ಎದ್ದರೆ ಒಂದು ರೆಪ್) ಮೂರು ಸೆಟ್ ಮಾಡುತ್ತಾ ಬರೀ ಭಂಗಿ ಕಲಿಯಿರಿ. ಆಮೇಲೆ ಭಾರ ಏರಿಸಿ, ನಾಲ್ಕೈದು ರೆಪ್, ನಾಲ್ಕು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಎಷ್ಟು ಭಾರ ಅಂತ ಕೇಳುತ್ತೀರಿ. ಸೆಟ್ ಮುಗಿದಾಗ "ಇನ್ನೊಂದೆರಡು ಆಗ್ತಿತ್ತು" ಅನ್ನಿಸುವಷ್ಟು. ಪಕ್ಕದಿಂದ ಒಬ್ಬರು ನಿಮ್ಮ ಬಾರ್ ನೋಡುತ್ತಿರಲಿ. ಮೇಲೇಳುವಾಗ ಬಾರ್ ಒಂದೇ ಓಟದಲ್ಲಿ ಏರಬೇಕು. ಅರ್ಧದಲ್ಲಿ ಅದು ತಡೆದು ನಿಂತು, ಸೊಂಟ ಮೊದಲು ಮೇಲೆದ್ದು, ಎದೆ ಮುಂದಕ್ಕೆ ಬಾಗಿ, ಆಮೇಲೆ ಬೆನ್ನಿನಿಂದ ಎತ್ತಿಕೊಂಡು ಬಂದರೆ ಅದು ಆ ದಿನದ ಕೊನೆಯ ರೆಪ್. ಇಳಿಯುವಾಗ ಹಿಡಿತದಲ್ಲಿ ಇಳಿಯಿರಿ, ಏಳುವಾಗ ಭಾರ ಎಷ್ಟೇ ಇರಲಿ, ಜೋರಾಗಿ ತಳ್ಳುವ ಉದ್ದೇಶದಿಂದಲೇ ಏಳಿ.

ಮೊದಲ ಕೆಲವು ವಾರ ಕಾಲು ದಪ್ಪ ಆಗಲ್ಲ, ಆದರೂ ಭಾರ ಏರುತ್ತದೆ. ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಕಲಿಯುತ್ತಿರುತ್ತವೆ. ಜಿಗಿತ ಅಳೆಯಲು ಮಿಷನ್ ಏನೂ ಬೇಡ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆ ಪಕ್ಕ ನಿಂತು ಕೈ ಎತ್ತಿ ಒಂದು ಗುರುತು, ಜಿಗಿದು ಇನ್ನೊಂದು ಗುರುತು, ನಡುವಿನ ಅಂತರವೇ ನಿಮ್ಮ ಜಿಗಿತ. ಡಡ್ಲಿ ಸಾರ್ಜೆಂಟ್ ಅನ್ನುವವರು ಜಿಗಿತದ ಈ ಪರೀಕ್ಷೆಯ ಬಗ್ಗೆ 1921ರಲ್ಲೇ ಬರೆದರು, ಇವತ್ತಿಗೂ ಅದು ಅವರ ಹೆಸರಿನಲ್ಲೇ ನಡೆಯುತ್ತಿದೆ. ಎರಡು ವಾರಕ್ಕೊಮ್ಮೆ ಅಳೆಯಿರಿ, ಅದೇ ಶೂ, ದಣಿವಿಲ್ಲದ ದಿನ, ಮೂರರಲ್ಲಿ ಒಳ್ಳೆಯದು. ದಿನಾ ಅಳೆದರೆ ತಲೆ ಕೆಡುತ್ತದೆ.

ಪ್ರಶ್ನೆ: ನಾನು ಪಾಯಿಂಟ್ ಗಾರ್ಡ್. ಸ್ಟ್ಯಾಮಿನಾ ಚೆನ್ನಾಗಿದೆ, ದಿನಾ 5 ಕಿ.ಮೀ. ಓಡುತ್ತೇನೆ. ಆದರೂ ಫಾಸ್ಟ್ ಬ್ರೇಕ್‌ನಲ್ಲಿ (ಚೆಂಡು ಸಿಕ್ಕ ತಕ್ಷಣ ಎದುರಿನ ರಿಂಗ್ ಕಡೆ ಓಡುವಾಗ) ಮೊದಲ ಮೂರು ಹೆಜ್ಜೆಯಲ್ಲೇ ಎದುರಾಳಿ ನನ್ನನ್ನು ಹಿಂದೆ ಹಾಕುತ್ತಾನೆ. ಪಂದ್ಯದ ಕೊನೆಯ, ನಾಲ್ಕನೇ ಕ್ವಾರ್ಟರ್‌ನಲ್ಲೂ ಅಷ್ಟೇ, ಮೊದಲನೇ ಕ್ವಾರ್ಟರ್‌ನಲ್ಲೂ ಅಷ್ಟೇ.

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರ ಇದೆ. ಮೊದಲ ಕ್ವಾರ್ಟರ್‌ನಲ್ಲೂ ಹಿಂದೆ ಬೀಳುತ್ತೀರಿ ಅಂದರೆ ಇದು ಸುಸ್ತಿನ ಸಮಸ್ಯೆಯಲ್ಲ, ಇನ್ನೂ 5 ಕಿ.ಮೀ. ಸೇರಿಸಿದರೂ ಬಗೆಹರಿಯಲ್ಲ.

ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಇದರಲ್ಲಿ ಯಾರೂ ತಮ್ಮ ಗರಿಷ್ಠ ವೇಗಕ್ಕೆ ಹೋಗಿ ಅಲ್ಲೇ ಉಳಿಯುವಷ್ಟು ಜಾಗ ಇಲ್ಲ. ನಾಲ್ಕು ಹೆಜ್ಜೆ, ಬ್ರೇಕ್, ತಿರುವು, ಮತ್ತೆ ಮೂರು ಹೆಜ್ಜೆ, ಇದೇ ಆಟ. ಪೂರ್ತಿ ವೇಗದಲ್ಲಿ ಓಡುವಾಗ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗ ಅಷ್ಟೇ. ಹೊರಡುವ ಮೊದಲ ಹೆಜ್ಜೆಗಳಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟು. ಅಂದರೆ ಮೊದಲ ಹೆಜ್ಜೆಗಳಲ್ಲಿ ಬಲ ಹಾಕಲು ಸಮಯ ಜಾಸ್ತಿ ಸಿಗುತ್ತದೆ, ಹಾಗಾಗಿ ಭಾರದ ಸ್ಕ್ವಾಟ್‌ನಲ್ಲಿ ಗಳಿಸಿದ ಬಲ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮೇಲಿನ ಉತ್ತರದ ಎರಡು ದಿನದ ಜಿಮ್ ನಿಮಗೂ ಬೇಕು.

ಅದರ ಜೊತೆಗೆ ಓಟ. ಹತ್ತು ಮೀಟರ್, ಪ್ರಾಣ ಹೋಗುವಷ್ಟು ಜೋರಾಗಿ. ನಡೆದುಕೊಂಡು ವಾಪಸ್. ಒಂದು ನಿಮಿಷ ನಿಲ್ಲಿ, ಮತ್ತೆ. ಆರರಿಂದ ಎಂಟು ಸಲ, ವಾರಕ್ಕೆ ಎರಡು ದಿನ, ಆಟದ ಅಭ್ಯಾಸಕ್ಕೆ ಮುಂಚೆ. "ಇಷ್ಟೇನಾ" ಅಂತ ಅನ್ನಿಸುತ್ತದೆ. ಇಷ್ಟೇ. ಏದುಸಿರು ಬರುವ ಹಾಗೆ ಓಡಿದರೆ ಅದು ಸ್ಪ್ರಿಂಟ್ ತರಬೇತಿ ಆಗಿ ಉಳಿಯಲ್ಲ. ಕೋಚ್‌ಗಳು ಪಂದ್ಯ ಸೋತ ಸಿಟ್ಟಿಗೆ ಓಡಿಸುತ್ತಾರಲ್ಲ, ಗೆರೆಯಿಂದ ಗೆರೆಗೆ, ಯಾರೋ ವಾಂತಿ ಮಾಡುವ ತನಕ, ಅದಕ್ಕೆ ಶಿಕ್ಷೆ ಅನ್ನಬಹುದು, ವೇಗದ ತರಬೇತಿ ಅನ್ನೋಕಾಗಲ್ಲ.

ಹೊರಡುವ ಭಂಗಿ ಬದಲಾಯಿಸುತ್ತಿರಿ. ಡಿಫೆನ್ಸ್ ಭಂಗಿಯಿಂದ, ಬೆನ್ನು ಮಾಡಿ ನಿಂತು ತಿರುಗಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ರೀಬೌಂಡ್ (ರಿಂಗ್‌ಗೆ ಬಡಿದು ವಾಪಸ್ ಬಂದ ಚೆಂಡು) ಹಿಡಿದ ಹಾಗೆ ಜಿಗಿದು ಇಳಿದು. ಮೊದಲ ಹೆಜ್ಜೆಯಲ್ಲಿ ಎರಡು ವಿಷಯ ಗಮನಿಸಿ. ಮೈ ಕಣಕಾಲಿನಿಂದ ತಲೆಯವರೆಗೆ ಒಂದೇ ಗೆರೆಯಲ್ಲಿ ಮುಂದಕ್ಕೆ ವಾಲಬೇಕು, ಸೊಂಟದಲ್ಲಿ ಮಡಚಬಾರದು. ಪಾದ ಸೊಂಟದ ಕೆಳಗೋ ಸ್ವಲ್ಪ ಹಿಂದೆಯೋ ಬೀಳಬೇಕು, ಮುಂದೆ ಚಾಚಿ ಇಟ್ಟರೆ ಅದು ಬ್ರೇಕ್. ಇನ್ನೊಂದು ಮಾತು, ಹೊರಡುವಾಗ ಒಂದು ಕಾಲು ತಾನಾಗೇ ಸ್ವಲ್ಪ ಹಿಂದಕ್ಕೆ ಹೋಗಿ ನೆಲ ಒದೆಯುತ್ತದೆ. ಅದನ್ನು ಎಷ್ಟೋ ಕೋಚ್‌ಗಳು ತಪ್ಪು ಅಂತ ಬೈದು ತಿದ್ದುತ್ತಾರೆ. ಬಿಡಿ, ಅದು ಮೈ ತಾನೇ ಕಂಡುಕೊಂಡ ದಾರಿ, ಮುಂದಕ್ಕೆ ತಳ್ಳಲು ಪಾದ ಹಿಂದೆ ಇರಲೇಬೇಕು.

ಹತ್ತಿರ ಸಣ್ಣ ಏರು ರಸ್ತೆ ಇದ್ದರೆ ಕೆಲವು ಸಲ ಅಲ್ಲಿ ಓಡಿ, ವಾಲುವುದು ತಾನಾಗೇ ಬರುತ್ತದೆ. ಭಾರದ ಸ್ಲೆಡ್ (ನೆಲದ ಮೇಲೆ ಜಾರುವ ಬಂಡಿ) ಎಳೆದು ಓಡುವುದೂ ಇದೇ ಕೆಲಸ ಮಾಡುತ್ತದೆ. ನಿಂತಲ್ಲಿಂದ ಉದ್ದ ಜಿಗಿತವನ್ನೂ ಸೇರಿಸಿ, ಮೇಲಕ್ಕೆ ಜಿಗಿಯುವುದಕ್ಕಿಂತ ಅದು ಮೊದಲ ಹೆಜ್ಜೆಗೆ ಹತ್ತಿರ. 5 ಕಿ.ಮೀ. ಓಟ ವಾರಕ್ಕೊಂದು ದಿನ ಇರಲಿ ಬೇಕಾದರೆ, ಆದರೆ ಜಿಮ್‌ಗೆ ಹೋಗುವ ಮುಂಚೆ ಮಾತ್ರ ಬೇಡ.

ನಿಲ್ಲುವುದನ್ನೂ ಕಲಿಯಿರಿ. ಜೋರಾಗಿ ಓಡಿ ಎರಡೇ ಹೆಜ್ಜೆಯಲ್ಲಿ ನಿಲ್ಲಲು ಆಗದವನು ಜೋರಾಗಿ ಓಡಲು ಹೆದರುತ್ತಾನೆ, ಅವನಿಗೇ ಗೊತ್ತಿಲ್ಲದೆ.

ಪ್ರಶ್ನೆ: ಎದೆಮಟ್ಟದ ಪೆಟ್ಟಿಗೆಯಿಂದ ಧುಮುಕಿ ತಕ್ಷಣ ಮೇಲಕ್ಕೆ ಹಾರುವ ವಿಡಿಯೊ ನೋಡಿದೆ. ಅದರಿಂದ ಜಿಗಿತ ಬೇಗ ಏರುತ್ತದಂತೆ. ನಾನೂ ಶುರು ಮಾಡಲಾ?

ಉತ್ತರ: ಬೇಡ. ಅಂದರೆ ಎದೆಮಟ್ಟದ್ದು ಬೇಡ.

ಇದಕ್ಕೆ ಡೆಪ್ತ್ ಜಂಪ್ ಅಂತಾರೆ. ಸೋವಿಯತ್ ಒಕ್ಕೂಟದ ಯೂರಿ ವೆರ್ಖೋಶಾನ್ಸ್ಕಿ 1960ರ ದಶಕದಲ್ಲಿ ಇದನ್ನು ಬೆಳೆಸಿದರು, ಅದೂ ಆಗಲೇ ವರ್ಷಗಟ್ಟಲೆ ಭಾರ ಎತ್ತಿ ಗಟ್ಟಿಯಾಗಿದ್ದ ಅಥ್ಲೀಟ್‌ಗಳಿಗೆ. ಕೆಳಗೆ ಬಿದ್ದಾಗ ಸ್ನಾಯು ಮತ್ತು ಅದನ್ನು ಎಲುಬಿಗೆ ಕಟ್ಟುವ ಟೆಂಡನ್ ರಬ್ಬರ್ ಬ್ಯಾಂಡಿನ ಹಾಗೆ ಎಳೆದುಕೊಳ್ಳುತ್ತವೆ. ಆ ಎಳೆತ ಆರುವ ಮುಂಚೆಯೇ ಮೇಲಕ್ಕೆ ಹಾರಿದರೆ ಅದರ ಲಾಭ ಸಿಗುತ್ತದೆ. ತಡವಾದರೆ ಎಳೆತವೆಲ್ಲ ಶಾಖವಾಗಿ ಹೋಗುತ್ತದೆ. ಪೆಟ್ಟಿಗೆ ತೀರಾ ಎತ್ತರ ಆದರೆ ಬಿದ್ದ ಪೆಟ್ಟು ತಡೆಯುವುದರಲ್ಲೇ ಸಮಯ ಕಳೆಯುತ್ತದೆ, ಹಾರೋದು ಎಲ್ಲಿಂದ ಬಂತು?

30 ಸೆಂ.ಮೀ. ಪೆಟ್ಟಿಗೆಯಿಂದ ಶುರು ಮಾಡಿ. ಜಿಗಿದು ಇಳಿಯಬೇಡಿ, ಒಂದು ಕಾಲು ಮುಂದಿಟ್ಟು ಸುಮ್ನೆ ಬೀಳಿ. ಯಾರಾದರೂ ಪಕ್ಕದಲ್ಲಿ ಕಣ್ಣು ಮುಚ್ಚಿ ಕೇಳಲಿ. ನೆಲಕ್ಕೆ ತಾಗಿದ ಸದ್ದು ಒಂದೇ ಮತ್ತು ಚುಟುಕು ಇರಬೇಕು. ಧಡ್ ಅಂದರೆ, ಅಥವಾ ಮುಂಗಾಲು ಒಮ್ಮೆ ಹಿಮ್ಮಡಿ ಒಮ್ಮೆ ಅಂತ ಎರಡು ಸದ್ದು ಬಂದರೆ, ಪೆಟ್ಟಿಗೆ ನಿಮಗೆ ಇನ್ನೂ ಎತ್ತರ. ಇನ್ನೊಂದು ಪರೀಕ್ಷೆ: ಧುಮುಕಿ ಹಾರಿದ ಎತ್ತರ, ನಿಂತಲ್ಲಿಂದ ಹಾರಿದ್ದಕ್ಕಿಂತ ಕಡಿಮೆ ಬಂದರೆ ಪೆಟ್ಟಿಗೆ ಇಳಿಸಿ. ದಿನಕ್ಕೆ 20-30 ಸಲ ಸಾಕು, ವಾರಕ್ಕೆ ಎರಡು ದಿನ ಮೀರಬಾರದು. ಹೊಸಬರು ಇದನ್ನು ಮುಟ್ಟುವ ಮೊದಲು ಕೆಲವು ತಿಂಗಳು ಹಗುರವಾದ ಕುಪ್ಪಳಿಕೆಗಳನ್ನು ಮಾಡಲಿ. ಆಗಲೂ ಒಂದು ಅವಧಿಯಲ್ಲಿ ಪಾದ ನೆಲಕ್ಕೆ ತಾಗುವುದು 80-100 ಸಲ ದಾಟುವುದು ಬೇಡ.

ವಿಡಿಯೊ ವಿಷಯ ಬಂತಲ್ಲ, ಅದೇ ಎದೆಮಟ್ಟದ ಪೆಟ್ಟಿಗೆ ಮೇಲೆ ಹತ್ತುವ ಬಾಕ್ಸ್ ಜಂಪ್ ಕೂಡ ಕಣ್ಕಟ್ಟು. ಮಂಡಿಯನ್ನು ಗಲ್ಲಕ್ಕೆ ಎಳೆದುಕೊಂಡರೆ ಯಾರು ಬೇಕಾದರೂ ಎತ್ತರದ ಪೆಟ್ಟಿಗೆ ಹತ್ತಬಹುದು. ಸೊಂಟ ಎಷ್ಟು ಮೇಲೆ ಹೋಯ್ತು ನೋಡಿ, ಅದೇ ಜಿಗಿತ.

ಪ್ರಶ್ನೆ: ಮಗನಿಗೆ 14. ಭಾರ ಎತ್ತಿದರೆ ಬೆಳವಣಿಗೆ ನಿಂತು ಕುಳ್ಳಾಗುತ್ತಾನೆ ಅಂತ ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಅವನು ಹಟ ಹಿಡಿದಿದ್ದಾನೆ. ಏನು ಮಾಡಲಿ?

ಉತ್ತರ: ಕಳಿಸಿ. ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಪಕ್ಕದಲ್ಲಿ ತಿಳಿದವರು ನಿಂತು, ಭಂಗಿ ಕಲಿಸಿ, ಭಾರವನ್ನು ನಿಧಾನವಾಗಿ ಏರಿಸಿದರೆ ಮಕ್ಕಳಿಗೂ ಇದು ಸುರಕ್ಷಿತ ಅಂತ ಮಕ್ಕಳ ವೈದ್ಯರ ಸಂಘಟನೆಗಳೇ ಹೇಳುತ್ತವೆ. ಪೆಟ್ಟಾಗುವುದು ಬಹುತೇಕ ಗೆಳೆಯರ ಜೊತೆ ಪೈಪೋಟಿಗೆ ಬಿದ್ದು, ಯಾರೂ ನೋಡಿಕೊಳ್ಳದೆ ಎತ್ತಿದಾಗ. ನಿಜ ಹೇಳಬೇಕಂದರೆ, ರೀಬೌಂಡ್ ಹಿಡಿದು ಒಂದೇ ಕಾಲಿನ ಮೇಲೆ ಇಳಿಯುವಾಗ ಅವನ ಮಂಡಿ ಮೇಲೆ ಬೀಳುವ ಪೆಟ್ಟು, ಹಗುರ ಡಂಬೆಲ್ ಹಿಡಿದು ಮಾಡುವ ಸ್ಕ್ವಾಟ್‌ಗಿಂತ ಎಷ್ಟೋ ಜಾಸ್ತಿ. ಅದಕ್ಕೆ ಯಾರೂ ಹೆದರಲ್ಲ.

ಒಂದನ್ನು ಮಾತ್ರ ಗಮನಿಸಿ. ಈ ವಯಸ್ಸಿನಲ್ಲಿ ಕೆಲವು ತಿಂಗಳು ಎಲುಬು ದಡದಡ ಬೆಳೆಯುತ್ತದೆ. ಆಗ ಮಂಡಿಚಿಪ್ಪಿನ ಕೆಳಗೆ, ಮಂಡಿಯ ಕೆಳಗಿನ ಕಾಲಿನ ಎಲುಬಿನ ಮೇಲೆ ಉಬ್ಬು ಬಂದು ಒತ್ತಿದರೆ ನೋಯಬಹುದು. ಓಸ್‌ಗುಡ್-ಶ್ಲಾಟರ್ ಅಂತಾರೆ, ಸಾಮಾನ್ಯವಾಗಿ ಬೆಳವಣಿಗೆ ಮುಗಿದಂತೆ ತಾನೇ ಹೋಗುತ್ತದೆ. ಆ ಸಮಯದಲ್ಲಿ ಜಿಗಿತ ಕಡಿಮೆ ಮಾಡಿಸಿ, ಒಮ್ಮೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಂಡಿಚಿಪ್ಪಿನ ಸರಿಯಾಗಿ ಕೆಳಗೆ ನೋವು. ಆಟ ಶುರುವಾದಾಗ ಇರುತ್ತದೆ, ಮೈ ಬಿಸಿಯಾದ ಮೇಲೆ ಹೋಗುತ್ತದೆ, ಮರುದಿನ ಮೆಟ್ಟಿಲು ಇಳಿಯುವಾಗ ಮತ್ತೆ ಬರುತ್ತದೆ. ಮೂರು ವಾರ ಪೂರ್ತಿ ವಿಶ್ರಾಂತಿ ತೆಗೆದುಕೊಂಡೆ, ಹೋಯ್ತು. ಆಡಿದ ಮೊದಲ ದಿನವೇ ವಾಪಸ್ ಬಂತು!

ಉತ್ತರ: ನೀವು ಬರೆದಿರುವುದು ಜಂಪರ್ಸ್ ನೀ ಹೇಗಿರುತ್ತದೋ ಹಾಗೇ ಇದೆ, ಮಂಡಿಚಿಪ್ಪನ್ನು ಮಂಡಿಯ ಕೆಳಗಿನ ಕಾಲಿನ ಎಲುಬಿಗೆ ಕಟ್ಟಿರುವ ಟೆಂಡನ್‌ನ ತೊಂದರೆ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡರೆ, ಕೈಕೊಟ್ಟ ಹಾಗೆ ಕುಸಿದರೆ ಅದು ಬೇರೆ, ಮೊದಲು ವೈದ್ಯರ ಹತ್ತಿರ ಹೋಗಿ. ಅಂಥದ್ದೇನೂ ಇಲ್ಲ ಅಂದರೆ ಮುಂದೆ ಓದಿ.

ಪೂರ್ತಿ ವಿಶ್ರಾಂತಿಯಿಂದ ನೋವು ಇಳಿಯುತ್ತದೆ, ಟೆಂಡನ್ ಗಟ್ಟಿಯಾಗಲ್ಲ, ಇನ್ನೂ ಸಡಿಲವಾಗುತ್ತದೆ. ಅದಕ್ಕೇ ಮೊದಲ ದಿನವೇ ವಾಪಸ್ ಬಂದದ್ದು. ಟೆಂಡನ್‌ಗೆ ಬೇಕಾದ್ದು ಭಾರ, ಆದರೆ ನಿಧಾನದ ಭಾರ. ಮೊದಲು ಚಲನೆ ಇಲ್ಲದ ಹಿಡಿತ: ಕೂತು ಮಂಡಿ ನೇರ ಮಾಡುತ್ತಾ ಭಾರ ಎತ್ತುವ ಲೆಗ್ ಎಕ್ಸ್‌ಟೆನ್ಷನ್ ಮಿಷನ್‌ನಲ್ಲಿ ಮಂಡಿ ಅರ್ಧ ಬಾಗಿಸಿ, ಒಳ್ಳೆ ಭಾರ ಹಾಕಿ, 45 ಸೆಕೆಂಡು ಹಿಡಿದು ನಿಲ್ಲಿ, ಐದು ಸಲ, ನಡುವೆ ಎರಡು ನಿಮಿಷ ಬಿಡುವು. ಕೆಲವರಿಗೆ ಇದಾದ ತಕ್ಷಣ ನೋವು ಇಳಿಯುತ್ತದೆ. ಮಿಷನ್ ಇಲ್ಲ ಅಂದರೆ ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯಿಲ್ಲದೆ ಕೂರಿ. ಒಂದೆರಡು ವಾರ ಬಿಟ್ಟು ಸ್ಕ್ವಾಟ್ ಮತ್ತು ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್, ಮೂರು ಸೆಕೆಂಡು ಇಳಿಯೋದು ಮೂರು ಸೆಕೆಂಡು ಏರೋದು, ವಾರಕ್ಕೆ ಮೂರು ದಿನ, ಭಾರ ಮೆಲ್ಲಗೆ ಏರಿಸುತ್ತಾ. ಮಾಡುವಾಗ ಹತ್ತಕ್ಕೆ ಮೂರರಷ್ಟು ನೋವು ಬಂದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಮೆಟ್ಟಿಲಿನಲ್ಲಿ ಪರೀಕ್ಷೆ ಮಾಡಿ, ಹಿಂದಿನ ದಿನಕ್ಕಿಂತ ಜಾಸ್ತಿ ನೋವಿದ್ದರೆ ಮಾತ್ರ ಭಾರ ಇಳಿಸಿ.

ಮೂರು ತಿಂಗಳು ಅಂತ ಲೆಕ್ಕ ಇಟ್ಟುಕೊಳ್ಳಿ. ಅಷ್ಟು ದಿನ ಆಟ ಪೂರ್ತಿ ಬಿಡಬೇಕಾಗಿಲ್ಲ, ಆದರೆ ಜಿಗಿತದ ಅಭ್ಯಾಸ ಬೇಡ, ಪಂದ್ಯದಲ್ಲಿ ಆಗುವ ಜಿಗಿತವೇ ಸಾಕು. ಮಂಡಿಗೆ ಪಟ್ಟಿ ಕಟ್ಟಿಕೊಂಡು ನೋವಿನ ಮಾತ್ರೆ ನುಂಗಿ ಆಡುವ ಪರಿಪಾಠ ನಮ್ಮ ಆಟಗಾರರಲ್ಲಿ ಇದೆ, ಅದು ನನಗಂತೂ ಸರಿ ಕಾಣಲ್ಲ.

ಪ್ರಶ್ನೆ: ಹುಡುಗಿಯರ ತಂಡಕ್ಕೆ ಕೋಚ್ ಆಗಿದ್ದೇನೆ. ಇಬ್ಬರಿಗೆ ಮಂಡಿಯೊಳಗೆ ಎಲುಬುಗಳನ್ನು ಕಟ್ಟಿ ಹಿಡಿಯುವ ಎಸಿಎಲ್ ಹರಿದಿದೆ, ಇಬ್ಬರದ್ದೂ ಯಾರೂ ತಾಗದೆ, ತಾವೇ ಇಳಿಯುವಾಗ ಆದದ್ದು. ಭಾರ ಎತ್ತಿಸೋಕೂ ಹೆದರಿಕೆ ಆಗುತ್ತಿದೆ.

ಉತ್ತರ: ಮೇಡಂ, ಹೆದರಬೇಕಾದ್ದು ಭಾರ ಎತ್ತಿಸದೇ ಇರುವುದಕ್ಕೆ. ಈ ಆಟದಲ್ಲಿ ಹುಡುಗಿಯರಿಗೆ ಎಸಿಎಲ್ ಪೆಟ್ಟು ಹುಡುಗರಿಗಿಂತ ಎರಡು ಪಟ್ಟಿಗೂ ಜಾಸ್ತಿ, ಮತ್ತು ಹೆಚ್ಚಿನವು ನೀವು ಹೇಳಿದ ಹಾಗೇ, ಯಾರೂ ಡಿಕ್ಕಿ ಹೊಡೆಯದೆ, ಇಳಿಯುವಾಗ ಇಲ್ಲವೇ ದಿಕ್ಕು ತಿರುಗುವಾಗ ಆಗುತ್ತವೆ. ತಡೆಯುವ ದಾರಿ ಇದೆ. ಪ್ರತಿ ಅಭ್ಯಾಸದ ಮೊದಲ 15-20 ನಿಮಿಷವನ್ನು ಇದಕ್ಕೇ ಇಡಿ: ಇಳಿಯುವ ಅಭ್ಯಾಸ, ಒಂಟಿ ಕಾಲಿನ ಸಮತೋಲ, ತೊಡೆ ಮತ್ತು ಸೊಂಟದ ಬಲ, ಬ್ರೇಕ್ ಹಾಕುವುದು. ಇಂಥ ವಾರ್ಮ್ ಅಪ್ ಬಿಡದೆ ಮಾಡಿದ ತಂಡಗಳಲ್ಲಿ ಈ ಪೆಟ್ಟುಗಳು ಗಣನೀಯವಾಗಿ ಇಳಿದಿವೆ. "ಬಿಡದೆ" ಅನ್ನೋದೇ ಕಷ್ಟದ ಭಾಗ, ಪಂದ್ಯ ಹತ್ತಿರ ಬಂದ ಕೂಡಲೇ ಕೋಚ್‌ಗಳು ಮೊದಲು ಕತ್ತರಿಸುವುದು ಇದನ್ನೇ.

ಹುಡುಗಿಯನ್ನು ಸಣ್ಣ ಪೆಟ್ಟಿಗೆಯಿಂದ ಇಳಿಸಿ, ನೀವು ಎದುರು ಕುಕ್ಕರಗಾಲಲ್ಲಿ ಕೂತು ಮಂಡಿಗಳನ್ನೇ ನೋಡಿ. ಪಾದ ತಾಗಿದ ಕ್ಷಣ ಎರಡು ಮಂಡಿಯೂ ಒಳಕ್ಕೆ ಬಂದು ಒಂದಕ್ಕೊಂದು ಹತ್ತಿರವಾಗುತ್ತವೋ ಇಲ್ಲ ಪಾದದ ಬೆರಳುಗಳ ನೇರಕ್ಕೇ ಇರುತ್ತವೋ? ಒಳಕ್ಕೆ ಬಂದರೆ ಅವಳಿಗೆ ಮೊದಲು ಮೆತ್ತಗೆ ಇಳಿದು ಎರಡು ಸೆಕೆಂಡು ಅಲ್ಲಾಡದೆ ನಿಲ್ಲುವುದನ್ನು ಕಲಿಸಿ. ಎತ್ತರ ಜಿಗಿಸುವುದು ಆಮೇಲೆ. ಉಳಿದಂತೆ ಹುಡುಗರಿಗೆ ಹೇಳಿದ ಸ್ಕ್ವಾಟ್, ಡೆಡ್‌ಲಿಫ್ಟ್ ಎಲ್ಲ ಇವರಿಗೂ ಅದೇ, ಸೆಟ್ ರೆಪ್ ಅದೇ. ಗಂಡಸರ ಹಾಗೆ ಆಗಿಬಿಡ್ತೀವಿ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದಿನ ಸೆಟ್ ಮಾಡಿಸಿ.

ಪ್ರಶ್ನೆ: ಪಂದ್ಯಾವಳಿ ಶುರುವಾದ ಮೇಲೆ ಜಿಮ್ ಬಿಡಿ, ಕಾಲು ಭಾರ ಆಗುತ್ತದೆ ಅಂತಾರೆ ನಮ್ಮ ಕೋಚ್. ಬಿಡಬೇಕಾ?

ಉತ್ತರ: ಪೂರ್ತಿ ಬಿಟ್ಟರೆ ಸೀಸನ್‌ನ ಕೊನೆಯ ಪಂದ್ಯಗಳಿಗೆ, ಅಂದರೆ ಮುಖ್ಯವಾದವಕ್ಕೇ, ಗಳಿಸಿದ ಬಲ ಕರಗಿರುತ್ತದೆ. ವಾರಕ್ಕೆ ಒಂದು ದಿನ ಸಾಕು, ಪಂದ್ಯ ಕಡಿಮೆ ಇದ್ದರೆ ಎರಡು. ಭಾರ ಇಳಿಸಬೇಡಿ, ಸೆಟ್ ಇಳಿಸಿ. ನಾಲ್ಕರ ಬದಲು ಎರಡು ಸೆಟ್, ಮೂರು ನಾಲ್ಕು ರೆಪ್, ಅರ್ಧ ಗಂಟೆಯಲ್ಲಿ ಮನೆಗೆ. ಪಂದ್ಯಕ್ಕೆ 48 ಗಂಟೆ ಮುಂಚೆ ಮುಗಿದಿರಲಿ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ, ಹಗುರ ಭಾರದಲ್ಲಿ ಇಪ್ಪತ್ತು ಇಪ್ಪತ್ತೈದು ರೆಪ್. ಕಾಲು ಭಾರ ಆಗುವುದೇ ಅದರಿಂದ. ಕೋಚ್ ಜೊತೆ ಜಗಳ ಬೇಡ, ಎರಡು ವಾರ ಹೀಗೆ ಮಾಡಿ ಗೋಡೆ ಮೇಲಿನ ಗುರುತು ತೋರಿಸಿ.

ಪ್ರಶ್ನೆ: ಕಾಲಿಗೆ ಭಾರದ ಪಟ್ಟಿ ಕಟ್ಟಿಕೊಂಡು ಆಡಿದರೆ, ಬಿಚ್ಚಿದಾಗ ಹಾರಿಹೋಗುವ ಹಾಗೆ ಆಗುತ್ತದೆ. ಒಳ್ಳೆಯದಲ್ವಾ?

ಉತ್ತರ: ಹಾಗೆ ಅನ್ನಿಸುತ್ತದೆ ಅಷ್ಟೇ, ಗೋಡೆ ಮೇಲೆ ಅಳೆದು ನೋಡಿ. ಮುಂಗಾಲಿನ ಕೆಳಗೆ ದಪ್ಪ ಅಟ್ಟೆ ಇರುವ "ಜಿಗಿತದ ಶೂ"ಗಳದ್ದೂ ಇದೇ ಕತೆ.

ಪ್ರಶ್ನೆ: ನನ್ನ ಎತ್ತರ 5 ಅಡಿ 7 ಇಂಚು. ಡಂಕ್ ಮಾಡಬೇಕು (ಜಿಗಿದು ಚೆಂಡನ್ನು ಮೇಲಿಂದ ರಿಂಗ್‌ನೊಳಗೆ ತುರುಕೋದು) ಅನ್ನೋದು ಒಂದೇ ಆಸೆ. ಆಗುತ್ತಾ? ಸುಳ್ಳು ಹೇಳಬೇಡಿ ಸರ್.

ಉತ್ತರ: ಸುಳ್ಳು ಹೇಳಲ್ಲ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ನಿಮ್ಮ ಎತ್ತರದವರು ನಿಂತು ಕೈ ಚಾಚಿದರೆ ಹೆಚ್ಚುಕಡಿಮೆ 2.20 ಮೀಟರ್ ಮುಟ್ಟುತ್ತಾರೆ. ಚೆಂಡನ್ನು ಒಳಗೆ ಒತ್ತಲು ಕೈ ರಿಂಗ್‌ಗಿಂತ ಒಂದು ಗೇಣು ಮೇಲಿರಬೇಕು. ಕೂಡಿಸಿದರೆ ಹೆಚ್ಚುಕಡಿಮೆ ಒಂದು ಮೀಟರ್ ಜಿಗಿತ. ಅದಕ್ಕೆ ನೆಲ ಬಿಡುವಾಗ ಸೆಕೆಂಡಿಗೆ 4.43 ಮೀಟರ್ ವೇಗ ಬೇಕು, ಗಾಳಿಯಲ್ಲಿ 0.9 ಸೆಕೆಂಡು ಇರುತ್ತೀರಿ. ನಿಮ್ಮಷ್ಟೇ ಎತ್ತರದ ಸ್ಪಡ್ ವೆಬ್ 1986ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡಂಕ್ ಸ್ಪರ್ಧೆಯನ್ನೇ ಗೆದ್ದರು. ಅಂದರೆ ಮನುಷ್ಯನಿಂದ ಆಗದ್ದಲ್ಲ. ಆದರೆ ಅಂಥವರು ಎಷ್ಟು ಜನ ಅಂತ ನೀವೇ ಯೋಚಿಸಿ.

ನಾನಾದರೆ ಮೊದಲು ರಿಂಗ್ ಮುಟ್ಟುವ ಗುರಿ ಇಡುತ್ತೇನೆ. ನೀವು ನಿಂತಲ್ಲಿಂದ ಜಿಗಿಯುತ್ತಿದ್ದರೆ ಓಡಿ ಬಂದು ಜಿಗಿಯಲು ಕಲಿಯಿರಿ, ಕೊನೆಯ ಎರಡು ಹೆಜ್ಜೆ ವೇಗವಾಗಿ, ಅದರಲ್ಲಿ ಕೊನೆಯದಕ್ಕಿಂತ ಹಿಂದಿನ ಹೆಜ್ಜೆ ಉದ್ದ, ಕೊನೆಯದು ಗಿಡ್ಡ. ಎರಡೂ ಕೈಯನ್ನು ಹಿಂದಿನಿಂದ ಜೋರಾಗಿ ಬೀಸಿ. ಕೈ ಬೀಸಿ ಜಿಗಿಯುವುದಕ್ಕೂ ಸೊಂಟದ ಮೇಲೆ ಕೈಯಿಟ್ಟು ಜಿಗಿಯುವುದಕ್ಕೂ ಶೇ 10ಕ್ಕೆ ಕಡಿಮೆಯಿಲ್ಲದ ವ್ಯತ್ಯಾಸ ಬರುತ್ತದೆ, ಇದಕ್ಕೆ ಜಿಮ್ ಕೂಡ ಬೇಡ. ಮೈಯಲ್ಲಿ ಬೇಡದ ತೂಕ ಇದ್ದರೆ ಅದನ್ನೂ ಇಳಿಸಿ.

ಪ್ರಶ್ನೆ: ಯಾವ ಪೌಡರ್ ತಗೊಳ್ಳಲಿ?

ಉತ್ತರ: ಮೊದಲು ನಿದ್ದೆ ತಗೊಳ್ಳಿ. 2011ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ 11 ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲಿನ ಅಧ್ಯಯನ ಒಂದು ಪ್ರಕಟವಾಯಿತು. ದಿನಾ ರಾತ್ರಿ ಕನಿಷ್ಠ ಹತ್ತು ಗಂಟೆಗಳ ಕಾಲ ಹಾಸಿಗೆಯಲ್ಲಿರಬೇಕು ಅಂತ ಐದರಿಂದ ಏಳು ವಾರ ನಿಯಮ ಮಾಡಿದರು. ಕೋರ್ಟ್‌ನ ಉದ್ದಕ್ಕೆ ಹೋಗಿ ಬಂದು ಓಡುವ ಅವರ ಸ್ಪ್ರಿಂಟ್ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು, ಫ್ರೀ ಥ್ರೋ (ಯಾರೂ ಅಡ್ಡ ಬರದೆ ಗೆರೆಯಿಂದ ಎಸೆಯೋದು) ಶೇ 9ರಷ್ಟು ಸುಧಾರಿಸಿತು. ಸಣ್ಣ ಅಧ್ಯಯನ, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ, ಆದರೂ ಖರ್ಚಿಲ್ಲದ್ದು. ಪ್ರೋಟೀನ್ ಮೈ ತೂಕದ ಕಿಲೋಗೆ ದಿನಕ್ಕೆ 1.6 ಗ್ರಾಂ ಆಸುಪಾಸು, ಊಟದಿಂದಲೇ ಬಂದರೆ ಪೌಡರ್ ಬೇಡ. ಬಲದ ವ್ಯಾಯಾಮ ಮಾಡುವವರು ತಗೊಳ್ಳುವ ಕ್ರಿಯಾಟಿನ್ ಮೊನೊಹೈಡ್ರೇಟ್ ಪೌಡರ್ ದಿನಕ್ಕೆ 3ರಿಂದ 5 ಗ್ರಾಂ, ವಯಸ್ಕರಿಗೆ, ಕಿಡ್ನಿ ತೊಂದರೆ ಇಲ್ಲದವರಿಗೆ, ಕೆಲಸ ಮಾಡುತ್ತದೆ. ಮಿಕ್ಕ ಡಬ್ಬಿಗಳ ಬಗ್ಗೆ ಬರೆದು ಜಾಗ ಹಾಳು ಮಾಡಲ್ಲ.

ಪ್ರಶ್ನೆ: ನಮ್ಮಲ್ಲಿ ಜಿಮ್ ಇಲ್ಲ, ಕೋರ್ಟ್ ಒಂದೇ ಇದೆ. ಏನಾದರೂ ಮಾಡಬಹುದಾ?

ಉತ್ತರ: ಬೇಕಾದಷ್ಟು. ಜಿಗಿತಕ್ಕೂ ಓಟಕ್ಕೂ ಕೋರ್ಟೇ ಸಾಕು. ಬಲಕ್ಕೆ ಒಂಟಿ ಕಾಲನ್ನು ಬಳಸಿ, ಮೈಯ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ಬೆನ್ನಿನ ಚೀಲಕ್ಕೆ ಮರಳೋ ಪುಸ್ತಕವೋ ತುಂಬಿ ಎದೆಗೆ ಅಪ್ಪಿಕೊಂಡು, ಹಿಂಗಾಲು ಕಟ್ಟೆ ಮೇಲಿಟ್ಟು ಸ್ಪ್ಲಿಟ್ ಸ್ಕ್ವಾಟ್ ಮಾಡಿ. ಎಂಟು ಸುಲಭ ಆದ ದಿನ ಚೀಲಕ್ಕೆ ಇನ್ನಷ್ಟು ತುಂಬಿ. ಮೆಟ್ಟಿಲಿನ ಅಂಚಿನಲ್ಲಿ ಒಂದೇ ಕಾಲಿನ ಮುಂಗಾಲಿನ ಮೇಲೆ ನಿಂತು ಹಿಮ್ಮಡಿ ಪೂರ್ತಿ ಇಳಿಸಿ ಏರಿಸಿ, ಮೇಲೆ ಒಂದು ಕ್ಷಣ ನಿಲ್ಲಿಸಿ.

ತೊಡೆಯ ಹಿಂಭಾಗಕ್ಕೆ ಗೆಳೆಯ ಒಬ್ಬ ಬೇಕು. ಮೆತ್ತನೆಯ ಬಟ್ಟೆ ಮೇಲೆ ಮಂಡಿಯೂರಿ, ಅವನು ನಿಮ್ಮ ಕಣಕಾಲುಗಳನ್ನು ನೆಲಕ್ಕೆ ಒತ್ತಿ ಹಿಡಿಯಲಿ. ಸೊಂಟ ಮಡಚದೆ, ಮಂಡಿಯಿಂದ ತಲೆವರೆಗೆ ನೇರ ಇಟ್ಟುಕೊಂಡು ಮುಂದಕ್ಕೆ ಆದಷ್ಟೂ ನಿಧಾನವಾಗಿ ಇಳಿಯಿರಿ. ತಡೆಯಲು ಆಗದಾಗ ಕೈಯೂರಿ ತಳ್ಳಿಕೊಂಡು ಮೇಲೆ ಬನ್ನಿ. ನಾರ್ಡಿಕ್ ಕರ್ಲ್ ಇದರ ಹೆಸರು, ಹ್ಯಾಮ್‌ಸ್ಟ್ರಿಂಗ್ ಹರಿಯುವುದನ್ನು ತಡೆಯಲು ಇದಕ್ಕಿಂತ ಚೆನ್ನಾಗಿ ಪರೀಕ್ಷೆಗೊಳಗಾದ ವ್ಯಾಯಾಮ ಕಡಿಮೆ. ಮೊದಲ ವಾರ ಐದೈದರ ಎರಡೇ ಸೆಟ್ ಮಾಡಿ, ಅದೂ ಮರುದಿನ ಪಂದ್ಯ ಇಲ್ಲದಾಗ. ಎರಡು ದಿನ ಕುರ್ಚಿಯಿಂದ ಏಳುವಾಗ ನನ್ನನ್ನು ಬೈದುಕೊಳ್ಳುತ್ತೀರಿ.